ಹೇಳಿದ್ದು ಅಪೊಲೊ, ಕೆದಕಿದ್ದು ಈಡಿಪಸ್

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಗ್ರೀಕ್ ನಾಟಕಗಳ ಬಗ್ಗೆ ಬಂದ ಲೇಖನ ಓದಿದೆ. ಈಡಿಪಸ್ ತಂದೆಯನ್ನು ಕೊಂದು ತಾಯಿಯನ್ನೇ ಮದುವೆಯಾಗುತ್ತಾನೆ ಎಂದು ದೈವವಾಣಿ ಆಗಿತ್ತು, ಹಾಗೇ ಆಯಿತು. ನಮ್ಮ ಕಂಸನ ಕಥೆಯೂ ಇದೇ ಅಲ್ವಾ? ಎಲ್ಲ ಮೊದಲೇ ಹಣೆಯಲ್ಲಿ ಬರೆದಿದ್ದರೆ ಅವನದೇನು ತಪ್ಪು? ಗೊಂಬೆಯಾಟ ನೋಡಿ ಯಾಕೆ ಅಳಬೇಕು?
– ಶಿವಮೊಗ್ಗದ ಓದುಗರು

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಆದರೆ ಗೊಂಬೆಯಾಟ ಎಂದಿರಲ್ಲ, ಅದನ್ನು ಮಾತ್ರ ಸುಮ್ನೆ ಒಪ್ಪಲಾರೆ.

ಮೊದಲು ಕಂಸನ ವಿಷಯ. ಅವನಿಗೆ ಹತ್ತಿರದವನು ಈಡಿಪಸ್ ಅಲ್ಲ, ಅವನ ಅಪ್ಪ, ಥೀಬ್ಸ್ ಊರಿನ ದೊರೆ ಲೈಯಸ್. ಮಗನ ಕೈಯಲ್ಲಿ ಸಾವು ಎಂದು ಕೇಳಿ, ಹಸುಗೂಸಿನ ಕಾಲಿಗೆ ಮೊಳೆ ಚುಚ್ಚಿಸಿ, ಕಿಥೈರಾನ್ ಬೆಟ್ಟಕ್ಕೆ ಎಸೆಯಲು ಕಳಿಸಿದವನು ಅವನು. ಮಗುವನ್ನು ಕೊಂಡೊಯ್ದ ಕುರುಬನಿಗೆ ಕರುಳು ಚುರುಕ್ಕೆಂದಿತು. ಮಗು ಕೊರಿಂತ್‌ನ ಅರಮನೆ ಸೇರಿತು. ಅಪ್ಪ ಎಸೆದಿದ್ದಕ್ಕೇ ಮಗನಿಗೆ ಅಪ್ಪನ ಗುರುತು ಸಿಗದೆ ಹೋಯಿತು. ಈಡಿಪಸ್ ಮಾಡಿದ್ದು ಇದರ ಉಲ್ಟಾ. ಡೆಲ್ಫಿಯ ಅಪೊಲೊ ದೇವರ ಗುಡಿಯಲ್ಲಿ ಆ ಮಾತು ಕಿವಿಗೆ ಬಿದ್ದದ್ದೇ ತಡ, ಸಾಕಿದವರನ್ನೇ ಹೆತ್ತವರೆಂದು ನಂಬಿ, ಅವರಿಗೆ ಕೇಡಾಗಬಾರದು ಎಂದು ಊರನ್ನೇ ಬಿಟ್ಟ. ಯಾರನ್ನೂ ಕೊಲ್ಲಲು ಹೊರಟವನಲ್ಲ.

ಆದರೂ ಕೊಂದ. ಮೂರು ದಾರಿ ಕೂಡುವಲ್ಲಿ ರಥದಲ್ಲಿ ಬಂದ ಮುದುಕ ಅವನನ್ನು ದಾರಿಯಿಂದ ತಳ್ಳಿಸಿ ತಲೆಗೆ ಹೊಡೆದ. ಈಡಿಪಸ್‌ಗೆ ಸಿಟ್ಟು ನೆತ್ತಿಗೇರಿತು. ಅಪ್ಪನನ್ನು ಕೊಲ್ಲುತ್ತೀಯ ಎಂದು ಆಗತಾನೇ ಕೇಳಿ ಬಂದವನು ಅಪ್ಪನ ವಯಸ್ಸಿನವನ ಮೇಲೆ ಕೈ ಎತ್ತಿದ! ಏನು ಆಗುತ್ತದೆ ಎಂದಷ್ಟೇ ದೈವವಾಣಿ ಹೇಳಿತ್ತು. ಆ ಸಿಟ್ಟು ಅವನದೇ.

ಇಷ್ಟೆಲ್ಲ ಆಗಿ ಎಷ್ಟೋ ವರ್ಷದ ಮೇಲೆ ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ನಾಟಕ ಶುರುವಾಗುತ್ತದೆ. ಇದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಕೊಲೆ ಹಳೆಯದಾಗಿದೆ, ಮದುವೆಯಾಗಿ ನಾಲ್ಕು ಮಕ್ಕಳೂ ಇದ್ದಾರೆ. ಭವಿಷ್ಯವಾಣಿ ನಿಜವಾಗುವುದನ್ನು ನಾವು ನೋಡುವುದೇ ಇಲ್ಲ. ರಂಗದ ಮೇಲೆ ನಡೆಯುವುದು ಒಂದು ತನಿಖೆ. ಥೀಬ್ಸ್‌ಗೆ ಪಿಡುಗು ಬಡಿದಿದೆ. ಲೈಯಸ್‌ನನ್ನು ಕೊಂದವನನ್ನು ಹಿಡಿಯಿರಿ ಎಂದು ಅಪೊಲೊ ಹೇಳಿದ್ದಾನೆ, ನಿಜ. ಆದರೆ ‘ನಾನು ಯಾರ ಮಗ’ ಎಂದು ಕೆದಕಲು ಅವನೇನೂ ಹೇಳಿರಲಿಲ್ಲ.

ತಡೆಯುವವರು ಬೇಕಾದಷ್ಟು ಜನ. ಕುರುಡ ಜ್ಞಾನಿ ಟೈರೀಸಿಯಸ್ ಬಾಯಿ ಬಿಡಲು ಒಪ್ಪುವುದಿಲ್ಲ, ಈಡಿಪಸ್ ಬೈದು ಬಾಯಿ ಬಿಡಿಸುತ್ತಾನೆ. ಅವನ ಹೆಂಡತಿಯೂ ಹೆತ್ತ ತಾಯಿಯೂ ಆದ ಜೊಕಾಸ್ಟಳದು ಇನ್ನೂ ವಿಚಿತ್ರ. ದೈವವಾಣಿಯನ್ನು ನಂಬಬೇಡ ಎಂದು ಗಂಡನಿಗೆ ಸಮಾಧಾನ ಹೇಳಲು ಹೋಗಿ, ಲೈಯಸ್ ಸತ್ತದ್ದು ಮೂರು ದಾರಿ ಕೂಡುವಲ್ಲಿ, ಕಳ್ಳರ ಕೈಯಲ್ಲಿ ಎನ್ನುತ್ತಾಳೆ. ಈಡಿಪಸ್‌ಗೆ ಎದೆ ಧಸಕ್ಕೆನ್ನುವುದು ಅಲ್ಲೇ. ಆಮೇಲೆ ಅವಳಿಗೆ ಎಲ್ಲ ಹೊಳೆದು, ‘ಇನ್ನು ಕೇಳಬೇಡ’ ಎಂದು ಅಂಗಲಾಚುತ್ತಾಳೆ. ಅವನು ಕೇಳುವುದಿಲ್ಲ. ಕೊನೆಗೆ ಆ ಮುದಿ ಕುರುಬ, ಹೇಳಬಾರದ್ದನ್ನು ಹೇಳುವ ಹೊತ್ತು ಬಂತಲ್ಲ ಎಂದು ನಡುಗುತ್ತಾನೆ. ಕೇಳಬಾರದ್ದನ್ನು ಕೇಳುವ ಹೊತ್ತು ನನಗೂ ಬಂತು, ಆದರೂ ಕೇಳಲೇಬೇಕು ಎನ್ನುತ್ತಾನೆ ಈಡಿಪಸ್. ಯಾವ ಗೊಂಬೆ ಹೀಗೆ ಮಾತಾಡುತ್ತದೆ, ಹೇಳಿ? ಕಣ್ಣು ಕಿತ್ತುಕೊಂಡ ಮೇಲೂ ಅವನು ಎರಡನ್ನೂ ಬೇರೆ ಬೇರೆ ಇಡುತ್ತಾನೆ: ಈ ಸಂಕಟ ತಂದವನು ಅಪೊಲೊ, ಇರಿದ ಕೈ ನನ್ನದು.

ಗ್ರೀಕರೆಲ್ಲ ಒಂದೇ ರೀತಿ ಯೋಚಿಸುತ್ತಿದ್ದರು ಎಂದೂ ತಿಳಿಯಬೇಡಿ. ಕ್ರಿ.ಪೂ. 467ರಲ್ಲಿ ಇನ್ನೊಬ್ಬ ನಾಟಕಕಾರ ಈಸ್ಕಿಲಸ್ ಇದೇ ಮನೆತನದ ಕಥೆಯನ್ನು ರಂಗಕ್ಕೆ ತಂದಾಗ ದೈವವಾಣಿಗೆ ಒಂದು ಷರತ್ತಿತ್ತು: ಮಕ್ಕಳಿಲ್ಲದೆ ಸತ್ತರೆ ಊರು ಉಳಿಯುತ್ತದೆ. ಮೂರು ಸಲ ಹೇಳಿದರೂ ಲೈಯಸ್ ಕೇಳಲಿಲ್ಲ. ಅಂದರೆ ಅಲ್ಲಿ ತಪ್ಪು ಯಾರದು ಎಂಬುದು ಸ್ಪಷ್ಟ. ಬಿ.ಎಂ.ಶ್ರೀ. ಕನ್ನಡಕ್ಕೆ ತಂದ ‘ಪಾರಸಿಕರು’ ಕೂಡ ಈಸ್ಕಿಲಸ್‌ನದೇ, ಕ್ರಿ.ಪೂ. 472ರದು. ಅದರಲ್ಲಿ ಪಾರಸಿಕರ (ಪರ್ಷಿಯಾದವರ) ಸತ್ತ ದೊರೆ ದಾರಿಯಸ್ ಎದ್ದು ಬಂದು, ಗ್ರೀಕರ ಕೈಯಲ್ಲಿ ಆದ ಈ ಸೋಲು ಎಂದೋ ಬರಬೇಕಿತ್ತು, ನನ್ನ ಮಗನ ಆತುರಕ್ಕೆ ಬೇಗ ಬಂತು ಎಂದು ಗೋಳಾಡುತ್ತಾನೆ. ಮನುಷ್ಯ ತಾನೇ ಓಡಿದರೆ ದೇವರೂ ಜೊತೆಗೆ ಕೈ ಹಾಕುತ್ತಾನಂತೆ. ಇನ್ನು ಯೂರಿಪಿಡೀಸ್‌ನ ನಾಟಕದ ನಾಯಕಿ ಮೀಡಿಯಾಳಿಗೆ ತನ್ನ ಮಕ್ಕಳನ್ನು ಕೊಲ್ಲಲು ಯಾವ ದೈವವಾಣಿಯೂ ಬೇಕಾಗಲಿಲ್ಲ.

‘ಅವನದೇನು ತಪ್ಪು’ ಎಂಬ ನಿಮ್ಮ ಪ್ರಶ್ನೆಗೆ ಮಾತ್ರ ನನಗಿಂತ ದೊಡ್ಡವರ ಬೆಂಬಲ ಇದೆ. ಮುದಿ ವಯಸ್ಸಿನಲ್ಲಿ ಸೊಫೋಕ್ಲಿಸ್ ಮತ್ತೆ ಈಡಿಪಸ್‌ನ ಬಳಿ ಹೋದ. ಕೊಲೋನಸ್ ಊರಿನ ಆ ನಾಟಕದಲ್ಲಿ ಕುರುಡ ಈಡಿಪಸ್ ಜೊಕಾಸ್ಟಳ ಸಹೋದರ ಕ್ರಿಯಾನ್‌ನನ್ನು ನಿಮ್ಮ ಹಾಗೇ ದಬಾಯಿಸುತ್ತಾನೆ: ನಾನು ಹುಟ್ಟುವ ಮೊದಲೇ ಅಪ್ಪನಿಗೆ ಬಂದ ಮಾತಿಗೆ ನನ್ನನ್ನು ಹೇಗೆ ಬೈಯುತ್ತೀಯ? ಹಿಂದಿನ ನಾಟಕದಲ್ಲಿ ತಾನೇ ತನಗೆ ಶಿಕ್ಷೆ ಕೊಟ್ಟುಕೊಂಡವನು ಇಲ್ಲಿ ತನ್ನ ಪರವಾಗಿ ತಾನೇ ವಾದಿಸುತ್ತಾನೆ. ಸೊಫೋಕ್ಲಿಸ್ ಅದನ್ನು ರಂಗದ ಮೇಲೆ ನೋಡಲಿಲ್ಲ. ಅವನು ಸತ್ತ ಮೇಲೆ, ಕ್ರಿ.ಪೂ. 401ರಲ್ಲಿ ಮೊಮ್ಮಗ ಆಡಿಸಿದ. ಎರಡೂ ನಾಟಕಗಳನ್ನು ಒಂದರ ಹಿಂದೆ ಒಂದು ಓದಿ, ಆಮೇಲೆ ಇನ್ನೊಂದು ಪತ್ರ ಬರೆಯಿರಿ.