ಉದ್ಯಮಬಾಗ ಬಿಡುವ ಮುನ್ನ ಬರೆಸಿಕೊಳ್ಳಬೇಕಾದ ಪತ್ರ

ಜರ್ಮನಿಯ ‘ಚಾನ್ಸೆನ್‌ಕಾರ್ಟೆ’ ವೀಸಾ (ಕೆಲಸ ಹುಡುಕಲು ಒಂದು ವರ್ಷ ಇರಗೊಡುವ ಕಾರ್ಡು) ಪಡೆದು ಮುಂದಿನ ತಿಂಗಳು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಿಂದ ಹೊರಡಲಿರುವ ನೀವು, ನಾನಿರುವ ಈ ಜರ್ಮನಿಯ ನೌಕರಿ ಜಾಲತಾಣಗಳೆಲ್ಲ ಜರ್ಮನ್ ಭಾಷೆಯಲ್ಲಿರುವುದರಿಂದ ಇಂಗ್ಲಿಷ್ ಜಾಹೀರಾತುಗಳಿಗಷ್ಟೇ ಅರ್ಜಿ ಹಾಕಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಸಾಫ್ಟ್‌ವೇರಿನವರಿಗೆ ಬರ್ಲಿನ್ನಿನಲ್ಲಿ ಅದು ನಡೆದೀತು. ಲೇಥ್, ವಿಎಂಸಿ (ಲೋಹ ಕೊರೆಯುವ ಕಂಪ್ಯೂಟರ್ ಚಾಲಿತ ಯಂತ್ರ), ಫೌಂಡ್ರಿಗಳ ನಡುವೆ ಬೆಳೆದ ನಮ್ಮಂಥವರಿಗೆ ಕೆಲಸ ಕೊಡುವ ಕಾರ್ಖಾನೆಗಳು ಬಹಳಷ್ಟು ಬಾಡೆನ್-ವ್ಯುರ್ಟೆಂಬರ್ಗ್‌ನಂಥ ರಾಜ್ಯಗಳ ಸಣ್ಣ ಊರುಗಳಲ್ಲಿವೆ. ಅವು ಜರ್ಮನ್ನಿನಲ್ಲಿಯೇ ಜಾಹೀರಾತು ಕೊಡುತ್ತವೆ.

ಸರ್ಕಾರಿ ಉದ್ಯೋಗ ಸಂಸ್ಥೆಯಾದ ಬುಂಡೆಸ್‌ಆಗೆಂಟೂರ್ ಫ್ಯೂರ್ ಆರ್ಬೈಟ್‌ನ ಉಚಿತ ಜಾಲತಾಣದಿಂದ ಆರಂಭಿಸಿರಿ. ಸಿಎನ್‌ಸಿ ಆಪರೇಟರ್ (ಇಂಥ ಕಂಪ್ಯೂಟರ್ ಚಾಲಿತ ಯಂತ್ರ ನಡೆಸುವವನು) ಎಂದು ಹುಡುಕುವುದಕ್ಕಿಂತ, ಇಲ್ಲಿ ಮೂರೂವರೆ ವರ್ಷ ಕಲಿಸುವ ಕಸುಬಿನ ಹೆಸರಾದ ‘ತ್ಸೆರ್‌ಶ್ಪಾನುಂಗ್ಸ್‌ಮೆಖಾನಿಕರ್’ ಎಂಬುದನ್ನೇ ಹಾಕಿರಿ. ಬರುವ ಫಲಿತಾಂಶಗಳಲ್ಲಿ ಅನೇಕವು ‘ತ್ಸೈಟ್‌ಆರ್ಬೈಟ್’ ಕಂಪನಿಗಳವು, ಅಂದರೆ ನಮ್ಮಲ್ಲಿಯ ಗುತ್ತಿಗೆದಾರರಂತೆ ತಮ್ಮ ಆಳುಗಳನ್ನು ಬೇರೆ ಕಾರ್ಖಾನೆಗೆ ಕಳುಹಿಸುವವರವು. ಅವರು ಬೇಗ ಉತ್ತರ ಕೊಡುತ್ತಾರೆಂದು ಹಿಗ್ಗಬೇಡಿರಿ. ಕೆಲಸ ಸಿಕ್ಕ ಮೇಲೆ ವೀಸಾ ಬದಲಿಸಲು ಉದ್ಯೋಗ ಸಂಸ್ಥೆಯ ಒಪ್ಪಿಗೆ ಬೇಕಾಗುವ ಕಡೆಯಲ್ಲಿ, ನಿವಾಸ ಕಾಯ್ದೆಯ 40ನೇ ಕಲಮಿನ ಪ್ರಕಾರ, ಇಂಥ ನೌಕರಿಗೆ ಒಪ್ಪಿಗೆ ಸಿಗುವುದಿಲ್ಲ. ಕಾರ್ಡಿನ ಒಂದು ವರ್ಷ ಅಲ್ಲಿಯೇ ಸವೆದು ಹೋಗಬಾರದು. ಆ ಜಾಹೀರಾತುಗಳನ್ನು ಬಿಟ್ಟು ಹುಡುಕುವ ಅನುಕೂಲ ಜಾಲತಾಣದಲ್ಲಿಯೇ ಇದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದನ್ನು ನೀವು ಕೇಳಿಲ್ಲ. ಉದ್ಯಮಬಾಗದಲ್ಲಿ ‘ಹುಡುಗ ಕಸುಬು ಬಲ್ಲವನು’ ಎಂದು ಮಾಲೀಕರು ಒಂದು ಫೋನ್ ಮಾಡಿದರೆ ಕೆಲಸ ಸಿಗುತ್ತದೆ. ಇಲ್ಲಿ ಜರ್ಮನಿಯಲ್ಲಿ ಕೆಲಸಗಾರನಿಗೆ ತಾನು ಮಾಡಿದ ಕೆಲಸದ ವಿವರವಾದ ಪ್ರಮಾಣಪತ್ರವನ್ನು ಕೇಳಿ ಪಡೆಯುವ ಹಕ್ಕು ಕಾಯ್ದೆಯಲ್ಲಿಯೇ ಇದೆ, ಆದ್ದರಿಂದ ಎಲ್ಲರಿಂದಲೂ ಅದನ್ನು ನಿರೀಕ್ಷಿಸುತ್ತಾರೆ. ನಾನು ಬಂದ ವರ್ಷದ ಚಳಿಗಾಲದಲ್ಲಿ, ಒಂದು ಕಾರ್ಖಾನೆಯ ಸಂದರ್ಶನದಲ್ಲಿ, ಅಲ್ಲಿಯ ಮುಖ್ಯಸ್ಥರು ನನ್ನ ಕಡತದ ಹಾಳೆಗಳನ್ನು ಒಂದೊಂದಾಗಿ ತಿರುವುತ್ತ ಬಂದು, ಊರಿನ ಮಾಲೀಕರು ದುಂಡು ಶಿಕ್ಕಾ ಒತ್ತಿ ಕೊಟ್ಟ ಎರಡು ಸಾಲಿನ ಪತ್ರದ ಹತ್ತಿರ ನಿಂತರು. ಸೇರಿದ ದಿನ, ಬಿಟ್ಟ ದಿನ, ನಡತೆ ಒಳ್ಳೆಯದು, ಇಷ್ಟೇ ಅದರಲ್ಲಿತ್ತು. ಯಾವ ಯಂತ್ರ, ಯಾವ ಲೋಹ, ಎಷ್ಟು ಮೈಕ್ರಾನ್ ನಿಖರತೆ ಎಂದು ಅವರು ಕೇಳಿದ್ದಕ್ಕೆ ಬಾಯಿಂದ ಹೇಳಿದೆ. ಆದರೂ ಅನುಭವವಿಲ್ಲದವನ ಸಂಬಳಕ್ಕೆ ಸೇರಿಸಿಕೊಂಡರು. ವಿವರವಾದ ಪತ್ರ ಬರೆಸಿಕೊಳ್ಳಲು ಊರಿಗೆ ಫೋನ್ ಮಾಡುವಷ್ಟರಲ್ಲಿ, ನನಗೆ ಕಸುಬು ಕಲಿಸಿದ ಮಾಲೀಕರು ತೀರಿಕೊಂಡಿದ್ದರು, ಮನೆಯವರು ಯಂತ್ರಗಳನ್ನು ಮಾರಿದ್ದರು. ಎಸ್‌ಜಿ ಐರನ್ ಎಂಬ ಬೀಡುಕಬ್ಬಿಣದ ಎರಕವನ್ನು ಬರಿಗೈಯಿಂದ ಸವರಿ ದೋಷ ಹೇಳುತ್ತಿದ್ದ ಅವರ ಹೆಸರು ನನ್ನ ಯಾವ ಕಾಗದದಲ್ಲಿಯೂ ಸರಿಯಾಗಿ ಉಳಿಯಲಿಲ್ಲವೆಂಬ ನೋವು ಇಂದಿಗೂ ಇದೆ.

ಮನೆ ಬಾಡಿಗೆ ಊರಿಂದ ಊರಿಗೆ ಬೇರೆ. ಬಂದ ಮೇಲೆ ನೋಡೋಣ. ಊಟದ ಚಿಂತೆ ಬೇಡ, ಆದರೆ ರೊಟ್ಟಿ ಬಡಿಯುವುದನ್ನು ತಾಯಿಯವರಿಂದ ಕಲಿತು ಬನ್ನಿರಿ, ಭಾನುವಾರಗಳಿಗೆ ಬೇಕಾಗುತ್ತದೆ.

ಈ ವಾರವೇ ನಿಮ್ಮ ಮಾಲೀಕರ ಹತ್ತಿರ ಹೋಗಿ ಕುಳಿತು, ನಡೆಸಿದ ಯಂತ್ರಗಳು, ಅವುಗಳನ್ನು ನಡೆಸುವ ಕಂಟ್ರೋಲರ್ ಯಾವ ಕಂಪನಿಯದು, ಫಾನುಕ್ಕೋ ಸೀಮೆನ್ಸೋ, ಮಾಡಿದ ಭಾಗಗಳು, ಕೈಕೆಳಗೆ ಎಷ್ಟು ಜನರಿದ್ದರು ಎಂಬುದನ್ನೆಲ್ಲ ಬರೆಸಿಕೊಳ್ಳಿರಿ. ಸಹಿ ಮಾಡಿಸುವ ಮೊದಲು ಕರಡನ್ನು ನನಗೆ ಕಳುಹಿಸಿದರೆ, ಇಲ್ಲಿಯವರು ಏನು ನೋಡುತ್ತಾರೆಂಬುದಕ್ಕೆ ತಕ್ಕಂತೆ ಓದಿ ಹೇಳುತ್ತೇನೆ.