ಓದುಗರ ಪ್ರಶ್ನೆ: ‘ಲಿಸ್ತೊ’ ಸರಿಯೋ ‘ಲಿಸ್ತಾ’ ಸರಿಯೋ?

ಪ್ರಶ್ನೆ: ಮಗಳು ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ‘ನಾನು ರೆಡಿ’ ಎನ್ನಲು ‘ಎಸ್ತೊಯ್ ಲಿಸ್ತೊ’ ಎಂದು ಬರೆದಿದ್ದಳು. ಅದನ್ನು ‘ಲಿಸ್ತಾ’ ಎಂದು ತಿದ್ದಿ ಕೊಟ್ಟಿದ್ದಾರೆ. ನಿಘಂಟಿನಲ್ಲಿ ನೋಡಿದರೆ ‘ಜಾಣ’ ಎಂಬ ಅರ್ಥವೂ ಇದೆ. ಯಾವುದು ಸರಿ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ತಿದ್ದಿದ್ದು ಸರಿ, ನಿಘಂಟಿನದೂ ತಪ್ಪಲ್ಲ. ‘ಇರು’ ಎನ್ನಲು ಸ್ಪ್ಯಾನಿಷ್‌ನಲ್ಲಿ ಸೇರ್, ಎಸ್ತಾರ್ ಎಂದು ಎರಡು ಕ್ರಿಯಾಪದಗಳಿವೆ. ಸೇರ್ ಜೊತೆ ಬಂದರೆ ಲಿಸ್ತೊ ಗುಣವನ್ನು ಹೇಳುತ್ತದೆ: ‘ಸೊಯ್ ಲಿಸ್ತಾ’ ಎಂದರೆ ನಾನು ಜಾಣೆ. ಎಸ್ತಾರ್ ಜೊತೆ ಬಂದರೆ ಈಗಿನ ಸ್ಥಿತಿ: ‘ಎಸ್ತೊಯ್ ಲಿಸ್ತಾ’, ನಾನು ರೆಡಿ. ಎರಡನ್ನೂ ಅದಲುಬದಲು ಮಾಡಿದರೆ, ಹೊರಡಲು ತಯಾರಾದವಳು ತನ್ನನ್ನೇ ಹೊಗಳಿಕೊಂಡಂತಾಗುತ್ತದೆ!

ಇನ್ನು ಕೊನೆಯ ಅಕ್ಷರ. ‘ಜಾಣ’ ಎನ್ನುವಾಗ ನಾವೂ ಜಾಣೆ, ಜಾಣರು ಎಂದು ಬದಲಾಯಿಸುತ್ತೇವೆ, ಅಲ್ಲಿ ಎಡವುವುದು ಕಡಿಮೆ. ‘ರೆಡಿ’ ಮಾತ್ರ ಅವನಿಗೂ ಅವಳಿಗೂ ಊಟಕ್ಕೂ ಒಂದೇ. ಕನ್ನಡದವರ ತಪ್ಪು ಬೀಳುವುದು ಇಲ್ಲೇ. ಹುಡುಗ ಲಿಸ್ತೊ, ಹುಡುಗಿ ಲಿಸ್ತಾ. ತಾಯಿ ಮಗಳು ಇಬ್ಬರೂ ಸೇರಿ ‘ಎಸ್ತಾಮೊಸ್ ಲಿಸ್ತಾಸ್’. ಅಪ್ಪನೊಬ್ಬ ಜೊತೆಗೂಡಿದರೆ ಸಾಕು, ಅದು ‘ಲಿಸ್ತೊಸ್’ ಆಗಬೇಕು.

ವಸ್ತುಗಳಲ್ಲಿ ಕಷ್ಟ ಹೆಚ್ಚು, ಏಕೆಂದರೆ ಸ್ಪ್ಯಾನಿಷ್ ನಾಮಪದಗಳಿಗೆ ನಪುಂಸಕಲಿಂಗವೇ ಇಲ್ಲ. ಊಟ (ಲಾ ಕೊಮೀದಾ) ಸ್ತ್ರೀಲಿಂಗ, ಹಾಗಾಗಿ ‘ಲಾ ಕೊಮೀದಾ ಎಸ್ತಾ ಲಿಸ್ತಾ’. ಪುಸ್ತಕ (ಎಲ್ ಲೀಬ್ರೊ) ಪುಲ್ಲಿಂಗ. ನಾಮಪದದ ಕೊನೆಯಕ್ಷರವನ್ನು ನಂಬಬೇಡಿ: ‘ಪ್ರೊಬ್ಲೇಮಾ’ ಪುಲ್ಲಿಂಗ, ‘ಮಾನೊ’ (ಕೈ) ಸ್ತ್ರೀಲಿಂಗ. ನೋಟ್‌ಬುಕ್ಕಿನಲ್ಲಿ ಪದವನ್ನು ಒಂಟಿಯಾಗಿ ಬರೆಯದೆ ಎಲ್ ಅಥವಾ ಲಾ ಸೇರಿಸಿಯೇ ಬರೆದಿಟ್ಟುಕೊಳ್ಳಲಿ.

ಎಲ್ಲ ವಿಶೇಷಣಗಳೂ ಹೀಗಲ್ಲ. ‘ಇಂತೆಲಿಹೆಂತೆ’ (ಬುದ್ಧಿವಂತ) ಲಿಂಗಕ್ಕೆ ಬದಲಾಗದು, ಬಹುವಚನದಲ್ಲಿ ಮಾತ್ರ ‘ಸ್’ ಸೇರುತ್ತದೆ. ‘ಆಯ್ತು, ಸರಿ’ ಎನ್ನುವಂತೆ ‘ಲಿಸ್ತೊ!’ ಎಂದು ಉದ್ಗರಿಸುವುದುಂಟು. ಆಗ ಹೆಂಗಸರೂ ಲಿಸ್ತೊ ಎಂದೇ ಹೇಳುತ್ತಾರೆ.

ಪ್ರಶ್ನೆ: ತಣ್ಣೀರಿಗೆ ‘ಎಲ್ ಆಗ್ವಾ ಫ್ರೀಯಾ’ ಎಂದು ಓದಿದೆ. ‘ಎಲ್’ ಪುಲ್ಲಿಂಗವಾದರೆ ‘ಫ್ರೀಯೊ’ ಆಗಬೇಕಲ್ಲವೇ?
– ಓದುಗರು, ಮಂಡ್ಯ

ಉತ್ತರ: ಇಲ್ಲ. ಆಗ್ವಾ ಸ್ತ್ರೀಲಿಂಗವೇ. ಒತ್ತು ಬೀಳುವ ‘ಆ’ದಿಂದ ಶುರುವಾಗುವ ಸ್ತ್ರೀಲಿಂಗ ಪದದ ಹಿಂದೆಯೇ, ಏಕವಚನದಲ್ಲಿ, ‘ಲಾ’ ಬದಲು ‘ಎಲ್’ ಬರುತ್ತದೆ. ವಿಶೇಷಣಕ್ಕೂ ಅದಕ್ಕೂ ಸಂಬಂಧವಿಲ್ಲ. ಬಹುವಚನದಲ್ಲಿ ‘ಲಾಸ್ ಆಗ್ವಾಸ್ ಫ್ರೀಯಾಸ್’. ನಡುವೆ ಬೇರೆ ಪದ ಬಂದರೂ ‘ಲಾ’ ಮರಳುತ್ತದೆ: ‘ಲಾ ಮೀಸ್ಮಾ ಆಗ್ವಾ’, ಅದೇ ನೀರು. ಮರಳಿಗೆ ಹೇಳುವ ‘ಅರೇನಾ’ದಲ್ಲಿ ಒತ್ತು ‘ರೇ’ ಮೇಲಿರುವುದರಿಂದ ಅದು ಸದಾ ‘ಲಾ ಅರೇನಾ’.