ಅಪ್ಪ ಅಮ್ಮನ ಜೊತೆ ಹತ್ತು ದಿನ ಸ್ವಿಟ್ಜರ್ಲೆಂಡ್, ಪ್ಯಾರಿಸ್: ಷೆಂಗೆನ್ ವೀಸಾಕ್ಕೆ ಏಜೆಂಟ್ ಇಲ್ಲದೆ ಅರ್ಜಿ ಹಾಕಬಹುದೇ?

ನಿಮ್ಮ ಪ್ರಶ್ನೆಯಿಂದ ನಾನು ತಿಳಿದುಕೊಂಡದ್ದು ಇಷ್ಟು. ನೀವು ಬೆಂಗಳೂರಿನ ಖಾಸಗಿ ಕಂಪನಿಯಲ್ಲಿದ್ದೀರಿ, ತಂದೆ ತೀರ್ಥಹಳ್ಳಿ ಕಡೆ ಅಡಿಕೆ ಬೆಳೆಗಾರರು, ತಾಯಿ ಗೃಹಿಣಿ. ಮೇ ತಿಂಗಳಲ್ಲಿ ಮೂವರೂ ಹೋಗಿ ಬರಬೇಕು. ಏಜೆಂಟ್ ಮಾತ್ರ "ತಂದೆಯವರದು ಐಟಿ ರಿಟರ್ನ್ ಇಲ್ಲ, ಕಷ್ಟ. ಅವರ ಖಾತೆಗೆ ಐದು ಲಕ್ಷ ಹಾಕಿಸಿ, ಉಳಿದದ್ದು ನನಗೆ ಬಿಡಿ" ಎಂದಿದ್ದಾರೆ.

ಧಾರಾಳವಾಗಿ ನೀವೇ ಹಾಕಬಹುದು. ಏಜೆಂಟ್ ಮಾಡುವ ಕೆಲಸ ಎಂದರೆ ಫಾರಂ ತುಂಬುವುದು, ಸ್ಲಾಟ್ (ಅರ್ಜಿ ಕೊಡುವ ಅಪಾಯಿಂಟ್‌ಮೆಂಟ್) ಹಿಡಿಯುವುದು. ಬೆರಳಚ್ಚು ಕೊಡಲು ಹೇಗೂ ಮೂವರೂ ಖುದ್ದಾಗಿ ಹೋಗಲೇಬೇಕು. ಐದು ಲಕ್ಷದ ಸಲಹೆಯನ್ನಂತೂ ಕೇಳಲೇಬೇಡಿ. ವೀಸಾ ಅಧಿಕಾರಿ ನಿಮ್ಮ ಮುಖ ನೋಡುವುದಿಲ್ಲ, ಕಾಗದ ನೋಡುತ್ತಾರೆ. ಅರ್ಜಿಗೆ ಹದಿನೈದು ದಿನ ಮುಂಚೆ ಎಲ್ಲಿಂದಲೋ ಬಂದು ಕೂತ ದುಂಡು ಮೊತ್ತ ಅವರ ಕಣ್ಣಿಗೆ ಮೊದಲು ಬೀಳುತ್ತದೆ. ಖಾತೆಯಲ್ಲಿ ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿಂದ ಬಂತು ಎಂಬುದೂ ಮುಖ್ಯ.

ಮೊದಲು ಯಾವ ದೇಶಕ್ಕೆ ಅರ್ಜಿ ಎಂದು ತೀರ್ಮಾನಿಸಿ. ಷೆಂಗೆನ್‌ನಲ್ಲಿ ಈಗ 29 ದೇಶಗಳಿವೆ, ಒಂದೇ ವೀಸಾದಲ್ಲಿ ಎಲ್ಲ ಕಡೆ ಓಡಾಡಬಹುದು. ಆದರೆ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಉಳಿಯುವ ದೇಶಕ್ಕೆ. ದಿನಗಳು ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಸ್ವಿಟ್ಜರ್ಲೆಂಡ್‌ನಲ್ಲಿ ಆರು ರಾತ್ರಿ, ಪ್ಯಾರಿಸ್‌ನಲ್ಲಿ ಮೂರು ರಾತ್ರಿ ಎಂದಿಟ್ಟುಕೊಂಡರೆ ಅರ್ಜಿ ಸ್ವಿಟ್ಜರ್ಲೆಂಡ್‌ಗೆ. ಟಿಕೆಟ್ ಅಗ್ಗ ಎಂದು ಮೊದಲು ಪ್ಯಾರಿಸ್‌ನಲ್ಲಿ ಇಳಿದರೂ ಅಷ್ಟೇ. "ಆ ದೇಶದ ಸ್ಲಾಟ್ ಬೇಗ ಸಿಗುತ್ತೆ" ಎಂದು ಬೇರೆ ದೇಶಕ್ಕೆ ಹಾಕಿಸಿ, ಕಾಗದದಲ್ಲಿ ಮಾತ್ರ ಅಲ್ಲಿ ಹೋಟೆಲ್ ತೋರಿಸುವ ಏಜೆಂಟರಿದ್ದಾರೆ. ಗಡಿಯಲ್ಲಿ ಪ್ರಶ್ನೆ ಎದುರಿಸುವವರು ನೀವು, ಅವರಲ್ಲ. ಲಂಡನ್ ಕೂಡ ಸೇರಿಸುವ ಯೋಚನೆ ಇದ್ದರೆ ಈಗಲೇ ಹೇಳುತ್ತೇನೆ: ಬ್ರಿಟನ್ ಷೆಂಗೆನ್‌ನಲ್ಲಿ ಇಲ್ಲ. ಅದಕ್ಕೆ ಬೇರೆ ವೀಸಾ ಬೇಕು, ಮಧ್ಯದಲ್ಲಿ ಹೋಗಿ ಮತ್ತೆ ಯೂರೋಪಿಗೆ ಬರುವುದಾದರೆ ಷೆಂಗೆನ್ ವೀಸಾದಲ್ಲೂ ಎರಡು ಪ್ರವೇಶ ಇರಬೇಕು.

ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಕೊನೆಯ ಗಡುವು 15 ದಿನ ಮುಂಚೆ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೂ ಎಳೆಯಬಹುದು. ಮೇ ತಿಂಗಳೆಂದರೆ ಮಕ್ಕಳ ಬೇಸಿಗೆ ರಜೆ, ಇಡೀ ಊರೇ ಯೂರೋಪಿಗೆ ಹೊರಟಂತಿರುತ್ತದೆ. ಮಾರ್ಚ್ ಕೊನೆಗೆ ಸ್ಲಾಟ್ ಹುಡುಕಿದರೆ ಸಿಗುವುದು ಅನುಮಾನ. ಜನವರಿ, ಫೆಬ್ರವರಿಯಲ್ಲಿ ಮುಗಿಸಿ. ನಿಮ್ಮ ತಂದೆಯವರ ವಿಷಯದಲ್ಲಿ ಇದಕ್ಕೆ ಇನ್ನೊಂದು ಅನುಕೂಲವೂ ಇದೆ, ಮುಂದೆ ಹೇಳುತ್ತೇನೆ.

ಪಾಸ್‌ಪೋರ್ಟ್ ಮೂರನ್ನೂ ತೆಗೆದು ನೋಡಿ: ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಯೂರೋಪಿನಿಂದ ಹೊರಡುವ ದಿನದ ನಂತರ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಫೋಟೊ 35×45 ಮಿಲಿಮೀಟರ್, ಬಿಳಿ ಹಿನ್ನೆಲೆ, ಆರು ತಿಂಗಳಿಗಿಂತ ಹಳೆಯದಲ್ಲ. ಸ್ಟುಡಿಯೋದಲ್ಲಿ "ಷೆಂಗೆನ್ ವೀಸಾಕ್ಕೆ" ಎಂದೇ ಕೇಳಿ.

ಈಗ ದುಡ್ಡಿನ ವಿಷಯ. ಸ್ವಿಟ್ಜರ್ಲೆಂಡ್ ಒಬ್ಬರಿಗೆ ದಿನಕ್ಕೆ ಸುಮಾರು 100 ಫ್ರಾಂಕ್ ಲೆಕ್ಕ ಹಿಡಿಯುತ್ತದೆ. ಫ್ರಾನ್ಸ್, ಹೋಟೆಲ್ ಬುಕಿಂಗ್ ಇದ್ದರೆ, ದಿನಕ್ಕೆ 65 ಯೂರೋ. ಮೂವರಿಗೆ ಹತ್ತು ದಿನವೆಂದರೆ ಸ್ವಿಸ್ ಲೆಕ್ಕದಲ್ಲಿ 3,000 ಫ್ರಾಂಕ್, ಅಂದರೆ ಮೂರು ಲಕ್ಷ ರೂಪಾಯಿಗೆ ಮೇಲೆ. ವಿಮಾನ ಟಿಕೆಟ್ ಇದರಲ್ಲಿ ಸೇರಿಲ್ಲ. ಇಷ್ಟು ಹಣ ಸಂಬಳದ ಖಾತೆಯಲ್ಲಿ ಸಹಜವಾಗಿ ಬೆಳೆದು ನಿಂತಿದ್ದರೆ ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ಎಫ್‌ಡಿ, ಮ್ಯೂಚುವಲ್ ಫಂಡ್ ಇದ್ದರೆ ಅವುಗಳ ಸ್ಟೇಟ್‌ಮೆಂಟ್ ಜೊತೆಗಿಡಿ, ಆದರೆ ಅವು ಉಳಿತಾಯ ಖಾತೆಗೆ ಪರ್ಯಾಯ ಅಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಕಳೆದ ಮೂರು ತಿಂಗಳದು ಬೇಕು. ಆರು ತಿಂಗಳದು ಕೊಟ್ಟರೆ ಇನ್ನೂ ಒಳ್ಳೆಯದು. ಶಾಖೆಗೆ ಹೋಗಿ ಸೀಲು, ಸಹಿ ಹಾಕಿಸಿ. ನೆಟ್‌ಬ್ಯಾಂಕಿಂಗ್‌ನಿಂದ ಇಳಿಸಿದ ಬರೀ ಪ್ರಿಂಟ್ ಕೊಟ್ಟು ಕೌಂಟರ್‌ನಲ್ಲಿ ವಾದ ಮಾಡುವುದಕ್ಕಿಂತ ಅರ್ಧ ದಿನ ಬ್ಯಾಂಕಿನಲ್ಲಿ ಕಾಯುವುದು ಲೇಸು.

ಖರ್ಚೆಲ್ಲ ನಿಮ್ಮದೇ ಎಂದಾದರೆ ಹಾಗೆಂದು ಸ್ಪಷ್ಟವಾಗಿ ಬರೆದು, ತಂದೆತಾಯಿ ಇಬ್ಬರ ಫೈಲಿನಲ್ಲೂ ಒಂದೊಂದು ಪ್ರಾಯೋಜಕತ್ವದ ಪತ್ರ ಇಡಿ. ಜೊತೆಗೆ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಮೂರು ತಿಂಗಳ ಪೇ ಸ್ಲಿಪ್, ಐಟಿಆರ್, ಪಾಸ್‌ಪೋರ್ಟ್‌ನ ಪ್ರತಿ ಇರಲಿ. ಸಂಬಂಧಕ್ಕೆ ಪುರಾವೆ ನಿಮ್ಮ ಜನನ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿರುವ ತಂದೆತಾಯಿಯ ಹೆಸರು. ಮೂವರದೂ ಒಂದೇ ಕುಟುಂಬ, ಒಂದು ಸೆಟ್ ಸಾಕು ಎಂದುಕೊಳ್ಳಬೇಡಿ. ಪ್ರತಿ ಫೈಲೂ ತನ್ನಷ್ಟಕ್ಕೆ ತಾನೇ ಪೂರ್ತಿ ಇರಬೇಕು. ನಿಮ್ಮ ಕಂಪನಿಯಿಂದ ರಜೆ ಮಂಜೂರಾತಿ ಪತ್ರವೂ ಬೇಕು. ಅದರಲ್ಲಿ ನಿಮ್ಮ ಹುದ್ದೆ, ಕೆಲಸಕ್ಕೆ ಸೇರಿದ ದಿನ, ಸಂಬಳ, ರಜೆಯ ದಿನಾಂಕ, ಮರಳಿ ಹಾಜರಾಗುವ ದಿನ ಇರಲಿ. "ಅಭ್ಯಂತರವಿಲ್ಲ" ಎಂಬ ಒಂದು ಸಾಲಿನ ಪತ್ರದಿಂದ ಏನೂ ಆಗುವುದಿಲ್ಲ.

ತಂದೆಯವರಿಗೆ ಐಟಿ ರಿಟರ್ನ್ ಇಲ್ಲದಿರುವುದು ದೋಷವಲ್ಲ. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ವಿನಾಯಿತಿ ಇದೆ. ಆದರೆ ಫೈಲ್ ನೋಡುವ ಅಧಿಕಾರಿಗೆ ಅದು ತನ್ನಿಂದ ತಾನೇ ಹೊಳೆಯಬೇಕಿಲ್ಲ, ನೀವು ಹೇಳಬೇಕು. ಅಡಿಕೆ ಬೆಳೆಗಾರರ ಖಾತೆ ಸಂಬಳದವರ ಖಾತೆಯಂತಿರುವುದಿಲ್ಲ. ತಿಂಗಳುಗಟ್ಟಲೆ ಗೊಬ್ಬರ, ಕೂಲಿ ಎಂದು ಹೋಗುತ್ತಲೇ ಇರುತ್ತದೆ, ಕೊಯ್ಲು ಮುಗಿದು ಮಂಡಿಗೆ ಹಾಕಿದ ಮೇಲೆ ಒಂದೇ ಸಲ ಮೂರು ನಾಲ್ಕು ಲಕ್ಷ ಬೀಳುತ್ತದೆ. ಇದನ್ನು ಅರಿಯದವರಿಗೆ ಆ ಜಮೆ ವೀಸಾಕ್ಕಾಗಿ ಸಾಲ ತಂದು ಹಾಕಿದ ಹಣದಂತೆಯೇ ಕಾಣುತ್ತದೆ. ಅದಕ್ಕೇ ಮಂಡಿಯ ಪಟ್ಟಿ, ಅಂದರೆ ಮಾರಾಟದ ಚೀಟಿ, ಜೋಡಿಸಿ. ಮ್ಯಾಮ್ಕೋಸ್‌ನಂಥ ಸಹಕಾರ ಸಂಘಕ್ಕೆ ಹಾಕುವವರಾದರೆ ಅಲ್ಲಿನ ಮಾರಾಟದ ಬಿಲ್. ಸ್ಟೇಟ್‌ಮೆಂಟ್‌ನಲ್ಲಿ ಆ ಜಮೆಯ ಸಾಲಿಗೆ ಪೆನ್ಸಿಲ್‌ನಲ್ಲಿ "1" ಎಂದು ಗುರುತು ಹಾಕಿ, ಪಟ್ಟಿಯ ಮೇಲೂ "1" ಎಂದು ಬರೆದು, ಕವರ್ ಲೆಟರ್‌ನಲ್ಲಿ (ಅರ್ಜಿಯ ಜೊತೆ ಇಡುವ ವಿವರಣೆಯ ಪತ್ರದಲ್ಲಿ) ಒಂದು ಸಾಲು ವಿವರಿಸಿ. ಕಳೆದ ವರ್ಷ, ಅದರ ಹಿಂದಿನ ವರ್ಷದ ಪಟ್ಟಿಗಳೂ ಇದ್ದರೆ ಇದು ಪ್ರತಿ ವರ್ಷದ ಪದ್ಧತಿ ಎಂದು ತಾನಾಗಿ ಸಾಬೀತಾಗುತ್ತದೆ. ಜನವರಿ, ಫೆಬ್ರವರಿಯ ಅನುಕೂಲ ಎಂದದ್ದು ಇದನ್ನೇ: ಆಗ ಹೊಸ ಅಡಿಕೆ ಮಾರಿದ ಹಣ ಖಾತೆಯಲ್ಲಿರುವ ಕಾಲ.

ಜಮೀನಿಗೆ ಪಹಣಿ ತೆಗೆಸಿ. ಅದು ಕನ್ನಡದಲ್ಲಿರುತ್ತದೆ, ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿ, ಮೂಲದ ಜೊತೆ ಪಿನ್ ಮಾಡಿ. ಅನುವಾದದಲ್ಲಿ ಎರಡು ಕಡೆ ಎಡವುತ್ತಾರೆ. ಎಕರೆ, ಗುಂಟೆ ಎಂದಷ್ಟೇ ಬರೆದು ಬಿಡುತ್ತಾರೆ. 40 ಗುಂಟೆಗೆ ಒಂದು ಎಕರೆ ಎಂದು ಕೆಳಗೆ ಟಿಪ್ಪಣಿ ಹಾಕಿಸಿ. ಇನ್ನೊಂದು, "ಬಿನ್" (ಇಂಥವರ ಮಗ) ಎಂದಿರುವಲ್ಲಿ ಅಜ್ಜನ ಹೆಸರನ್ನೂ ಸೇರಿಸಿ ಒಂದೇ ಉದ್ದ ಹೆಸರು ಮಾಡಿಬಿಡುತ್ತಾರೆ, ಆಮೇಲೆ ಪಾಸ್‌ಪೋರ್ಟ್‌ನ ಹೆಸರಿಗೆ ತಾಳೆಯಾಗುವುದಿಲ್ಲ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಅಥವಾ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದ್ದರೆ ವಂಶವೃಕ್ಷವೂ ಬೇಕಾಗುತ್ತದೆ. ತಹಶೀಲ್ದಾರರ ಆದಾಯ ಪ್ರಮಾಣಪತ್ರ ಕೊಡುವ ಮುನ್ನ ಅದರಲ್ಲಿರುವ ಮೊತ್ತ ಓದಿ. ಯಾವುದೋ ಯೋಜನೆಗೆ ಎಂದು ಮಾಡಿಸಿದ ಕಡಿಮೆ ಆದಾಯದ ಪತ್ರವೂ ನಾಲ್ಕು ಲಕ್ಷದ ಮಂಡಿ ಪಟ್ಟಿಯೂ ಒಂದೇ ಫೈಲಿನಲ್ಲಿ ಕೂತರೆ ಎರಡೂ ಕೆಡುತ್ತವೆ. ಜಮೀನು, ತೋಟ ಇರುವುದು ಊರಿಗೆ ಮರಳುತ್ತಾರೆ ಎಂಬುದಕ್ಕೆ ಬಲವಾದ ಆಧಾರ. ವಯಸ್ಸಾದ ರೈತರ ಅರ್ಜಿ ತಾನೇ ತಾನಾಗಿ ದುರ್ಬಲ ಎಂಬ ಏಜೆಂಟರ ಮಾತಿನಲ್ಲಿ ಹುರುಳಿಲ್ಲ.

ತಾಯಿಯವರಿಗೆ ಹೆಚ್ಚೇನೂ ಬೇಡ: ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರು ಇಲ್ಲದಿದ್ದರೆ ಮದುವೆ ಪ್ರಮಾಣಪತ್ರ, ಅವರದೇ ಉಳಿತಾಯ ಖಾತೆ ಇದ್ದರೆ ಅದರ ಸ್ಟೇಟ್‌ಮೆಂಟ್.

ವಿಮಾನ ಟಿಕೆಟ್ ದುಡ್ಡು ಕೊಟ್ಟು ಖರೀದಿಸಬೇಕಿಲ್ಲ, ಹೋಗಿ ಬರುವ ರಿಸರ್ವೇಶನ್ ಸಾಕು. ಹೋಟೆಲ್‌ಗಳನ್ನು ಉಚಿತ ರದ್ದತಿ ಇರುವಂಥದ್ದನ್ನು ನೋಡಿ ಪ್ರತಿ ರಾತ್ರಿಗೂ ಬುಕ್ ಮಾಡಿ, ಒಂದು ರಾತ್ರಿಯೂ ಬಿಟ್ಟುಹೋಗಬಾರದು. ಆ್ಯಪ್‌ನಲ್ಲಿ ಬುಕ್ ಮಾಡಿದಾಗ ನಿಮ್ಮ ಹೆಸರು ಮಾತ್ರ ಬಂದು, ಪಕ್ಕದಲ್ಲಿ "ಮೂವರು ವಯಸ್ಕರು" ಎಂದಿರುತ್ತದೆ. ತಂದೆಯ ಫೈಲಿನಲ್ಲಿ ಆ ಕಾಗದಕ್ಕೆ ಏನು ಬೆಲೆ? ಹೋಟೆಲ್‌ಗೆ ಮೆಸೇಜ್ ಮಾಡಿ ಮೂವರ ಹೆಸರೂ ಹಾಕಿಸಿ ಹೊಸ ದೃಢೀಕರಣ ತರಿಸಿಕೊಳ್ಳಿ. ವೀಸಾ ಬರುವ ಮುನ್ನ ಯಾವುದನ್ನೂ ರದ್ದು ಮಾಡಬೇಡಿ, ಫೋನ್ ಮಾಡಿ ವಿಚಾರಿಸುವುದುಂಟು. ಸ್ವಿಟ್ಜರ್ಲೆಂಡ್‌ನಿಂದ ಪ್ಯಾರಿಸ್‌ಗೆ ಹೇಗೆ ಹೋಗುತ್ತೀರಿ ಎಂಬುದೂ ದಿನವಾರು ಪಟ್ಟಿಯಲ್ಲಿರಲಿ. ಜ್ಯೂರಿಕ್, ಬಾಸೆಲ್, ಜಿನೀವಾದಿಂದ ಟಿಜಿವಿ ಎಂಬ ನೇರ ವೇಗದ ರೈಲುಗಳಿವೆ.

ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು, ಇಡೀ ಷೆಂಗೆನ್ ಪ್ರದೇಶಕ್ಕೆ ಅನ್ವಯಿಸುವಂಥದ್ದು, ತುರ್ತು ಚಿಕಿತ್ಸೆ ಮತ್ತು ಸ್ವದೇಶಕ್ಕೆ ಸಾಗಿಸುವ ವೆಚ್ಚ ಒಳಗೊಂಡಿರಬೇಕು. ಹಿರಿಯರ ಪಾಲಿಸಿ ಪೂರ್ತಿ ಓದಿ, ಮುಖಪುಟದಲ್ಲಿ ದೊಡ್ಡ ಮೊತ್ತ ಬರೆದು ಒಳಗೆ ವಯಸ್ಸಿನ ಮೇಲೆ ಮಿತಿ ಹಾಕಿರುವ ಪಾಲಿಸಿಗಳಿವೆ. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡದೆ ಹೇಳಿ. ವೀಸಾಕ್ಕೆ ಅದು ಅಡ್ಡಿಯಲ್ಲ, ಆದರೆ ನಾಳೆ ಆಸ್ಪತ್ರೆ ಬಿಲ್ ಬಂದಾಗ ವಿಮೆ ಕಂಪನಿಗೆ ಅದೇ ನೆಪವಾಗುತ್ತದೆ.

ಫಾರಂ ಅನ್ನು ಸ್ವಿಸ್ ಸರ್ಕಾರದ ವೀಸಾ ತಾಣದಲ್ಲಿ ತುಂಬಿ, ಪ್ರಿಂಟ್ ತೆಗೆದು ಸಹಿ ಮಾಡಿ, ಬೆಂಗಳೂರಿನ ವಿಎಫ್‌ಎಸ್ (ವೀಸಾ ಅರ್ಜಿ ಪಡೆಯುವ ಖಾಸಗಿ ಸಂಸ್ಥೆ) ಕೇಂದ್ರದಲ್ಲಿ ಮೂವರಿಗೂ ಒಟ್ಟಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ರೂಪಾಯಿಯಲ್ಲೇ ಕಟ್ಟಬೇಕು, ಕೇಂದ್ರದ ಸೇವಾ ಶುಲ್ಕ ಬೇರೆ. ತಿರಸ್ಕಾರವಾದರೆ ವಾಪಸ್ ಬರುವುದಿಲ್ಲ. ಲೌಂಜ್, ಎಸ್‌ಎಂಎಸ್ ಎಂದು ಕೇಳುವ ಹೆಚ್ಚುವರಿಗಳು ನಿಮ್ಮ ಇಷ್ಟ. ಅವುಗಳಿಂದ ನಿರ್ಧಾರ ಬದಲಾಗುವುದಿಲ್ಲ, ಏಕೆಂದರೆ ಕೇಂದ್ರದವರು ಕಾಗದ ಪಡೆಯುವವರಷ್ಟೇ, ತೀರ್ಮಾನಿಸುವುದು ರಾಯಭಾರ ಕಚೇರಿ. ಕೌಂಟರ್‌ನವರು "ಈ ಕಾಗದ ಪಟ್ಟಿಯಲ್ಲಿಲ್ಲ, ಬೇಡ" ಎಂದು ಮಂಡಿ ಪಟ್ಟಿಯನ್ನು ಹಿಂದೆ ಕೊಟ್ಟರೆ, ಸೇರಿಸಲೇಬೇಕು ಎಂದು ಮರ್ಯಾದೆಯಿಂದ ಹೇಳಿ ಸೇರಿಸಿ. ಗೆಯ್ದು ಬೆರಳ ಗೆರೆ ಸವೆದಿದ್ದರೆ ಯಂತ್ರ ಎರಡು ಮೂರು ಸಲ ತಕರಾರು ಮಾಡುತ್ತದೆ, ಅಪ್ಪನಿಗೆ ಗಾಬರಿ ಬೇಡ ಎಂದು ಮೊದಲೇ ಹೇಳಿಡಿ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ಬಳಕೆಗೆ ಬರುತ್ತದೆ.

ತಿರಸ್ಕಾರ ಬಂದರೆ ಕಾರಣಗಳಿಗೆ ಗುರುತು ಹಾಕಿದ ಒಂದು ನಮೂನೆ ಕೈಗೆ ಬರುತ್ತದೆ. ಪ್ರವಾಸದ ಉದ್ದೇಶ ನಂಬುವಂತಿಲ್ಲ, ಮರಳುವ ಬಗ್ಗೆ ಅನುಮಾನ ಎಂಬವು ಸಾಮಾನ್ಯ. ಸ್ವಿಟ್ಜರ್ಲೆಂಡ್ ವಿಷಯದಲ್ಲಿ 30 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು, ಅದಕ್ಕೂ ಶುಲ್ಕ ಇದೆ. ಕಾಗದದ ಕೊರತೆಯಿಂದ ಆದದ್ದಾದರೆ ಅದನ್ನು ತುಂಬಿಸಿ ಹೊಸ ಅರ್ಜಿ ಹಾಕುವುದೇ ಬೇಗ. ಅದೇ ಫೈಲನ್ನು ಬೇರೆ ದೇಶಕ್ಕೆ ಹಾಕಿ ನೋಡೋಣ ಎನ್ನಬೇಡಿ, ತಿರಸ್ಕಾರದ ದಾಖಲೆ ಐದು ವರ್ಷ ಎಲ್ಲ ಷೆಂಗೆನ್ ದೇಶಗಳಿಗೂ ಕಾಣುತ್ತದೆ.

ವೀಸಾ ಬಂದ ದಿನವೇ ಸ್ಟಿಕ್ಕರ್ ಓದಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಸರಿ ಇದೆಯೇ ನೋಡಿ. ಅದರಲ್ಲಿ ಎರಡು ದಿನಾಂಕ ಇರುತ್ತವೆ, ಪಕ್ಕದಲ್ಲಿ ಉಳಿಯಬಹುದಾದ ದಿನಗಳ ಸಂಖ್ಯೆ ಬೇರೆ ಇರುತ್ತದೆ. ದಿನಾಂಕಗಳ ನಡುವೆ 25 ದಿನ ಇದ್ದು, ಸಂಖ್ಯೆ 10 ಎಂದಿದ್ದರೆ ನಿಮಗೆ ಸಿಕ್ಕಿದ್ದು ಹತ್ತೇ ದಿನ. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ರಾತ್ರಿ ಹನ್ನೆರಡು ದಾಟಿ ಹೊರಡುವ ವಿಮಾನವಾದರೆ ಅರ್ಜಿ ಹಾಕುವಾಗಲೇ ಒಂದು ದಿನ ಹೆಚ್ಚು ಕೇಳಿರಿ. ಹೋಟೆಲ್, ವಿಮೆ, ವಾಪಸ್ ಟಿಕೆಟ್‌ನ ಪ್ರಿಂಟ್‌ಗಳನ್ನು ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ. ಜ್ಯೂರಿಕ್‌ನಲ್ಲಿ ಗಡಿ ಅಧಿಕಾರಿ ಕೇಳಿದಾಗ ಅವು ತಂದೆಯವರ ಕೈಯಲ್ಲೇ ಒಂದು ಸೆಟ್ ಇರಲಿ, ಸಾಲಿನಲ್ಲಿ ನೀವು ಬೇರೆ ಕೌಂಟರ್‌ಗೆ ಹೋಗಬೇಕಾಗಬಹುದು.